ಬೇಲಿಯಾಚೆಯ ತುತ್ತು

ಕತ್ತಿನ ಹಿಂದೆ ಒಂದು ಹನಿ, ತಣ್ಣಗೆ, ಬೆನ್ನಗುಂಟ ಇಳಿದು ಒದ್ದೆ ಪಂಚೆಯ ಅಂಚಿಗೆ ಸೇರಿತು, ಅದರ ಹಿಂದೆಯೇ ಇನ್ನೊಂದು, ಒರೆಸಿಕೊಳ್ಳುವ ಹಾಗಿಲ್ಲ, ಎಡ ಅಂಗೈಯಲ್ಲಿ ಇಷ್ಟಲಿಂಗ ಇದೆ, ಬಲಗೈ ಮೊಣಕಾಲ ಮೇಲಿಂದ ಏಳಬಾರದಂತೆ, ತುಂಬಿದ ಕೊಡ ತಲೆಯಿಂದ ಸುರಿದು ಈ ಕಲ್ಲಿನ ಮೇಲೆ ಕೂಡಿಸಿ ಹೋಗಿ ಎಷ್ಟು ಹೊತ್ತಾಯಿತೋ — ಈ ಆಷಾಢದ ಗಾಳಿಗೆ ಏನು ಬಂದಿದೆ, ಮಲ್ಲಯ್ಯನ ಗುಡ್ಡದಿಂದ ಇಳಿದದ್ದು ಮಸ್ಕಿಯ ಬೇರೆ ಯಾವ ಅಂಗಳವೂ ಬೇಡವೆಂದು ನೇರ ಈ ಮಠಕ್ಕೇ ನುಗ್ಗುತ್ತದೆ, ತಟ್ಟೆಯೊಳಗಿನ ವಿಭೂತಿ ಎಬ್ಬಿಸಿ ನನ್ನ ಹುಬ್ಬಿಗೆ ಮೀಸೆಗೆ ಹಚ್ಚುತ್ತದೆ, ಹಚ್ಚಲಿ, ಮಠದ ಅಯ್ಯನವರ ಬದಲು ಗಾಳಿಯೇ ನನ್ನನ್ನು ಶುದ್ಧ ಮಾಡಿ ಮುಗಿಸಿದರೆ ಎದ್ದು ಮನೆಗೆ ಹೋಗಬಹುದಿತ್ತು, ಗಾಳಿ ಏನೂ ಕೇಳುವುದಿಲ್ಲ. ಅಯ್ಯನವರು ಕೇಳುತ್ತಾರೆ. ಒಳಗೆ ಪೂಜೆಯ ಗಂಟೆ ಇನ್ನೂ ನಿಂತಿಲ್ಲ, ನಿಂತ ಮೇಲೆ ಕೋಲೂರಿಕೊಂಡು ಹೊರಗೆ ಬರುತ್ತಾರೆ, ಪೊರೆ ಬಂದ ಕಣ್ಣನ್ನು ನನ್ನ ಕಡೆ ತಿರುಗಿಸುತ್ತಾರೆ, ವಿರೂಪಾಕ್ಷಪ್ಪ, ಸಮುದ್ರ ದಾಟಿ ಹೋಗಿದ್ದಿ, ಜಪಾನದವ್ರ ಸೆರಿಯಾಗ ಇದ್ದಿ, ಬಾಯಿಗೆ ಮುಟ್ಟಬಾರದ್ದು ಮುಟ್ಟೇತೇನು, ಲಿಂಗ ಹಿಡಕೊಂಡು ಹೇಳು, ಅನ್ನುತ್ತಾರೆ, ನಾನು ಇಲ್ಲ ಅನ್ನಬೇಕು, ಅಷ್ಟೇ. ಅಷ್ಟು ಅಂದರೆ ತಂಗಿ ಗದ್ದೆಮ್ಮನಿಗೆ ಶ್ರಾವಣದಲ್ಲಿ ನಿಶ್ಚಯ, ಅನ್ನದಿದ್ದರೆ ಎದುರಿಗೆ ಕಂಬಕ್ಕೆ ಒರಗಿ ಕೂತಿರುವ ಸಿಂಧನೂರಿನ ಅಂಬಪ್ಪ ರುಮಾಲು ಕೊಡವಿಕೊಂಡು ಎದ್ದು, ಬರ್ತೀವ್ರೀ ಪಾರ್ವತೆಮ್ಮ ಎಂದು ಅವ್ವನಿಗೆ ಕೈಮುಗಿದು ಬಂಡಿ ಹೂಡಿಸುತ್ತಾನೆ. ಅಂಬಪ್ಪ ಹುಡುಗನ ಸೋದರಮಾವ, ಕೆಟ್ಟ ಮನುಷ್ಯನೇನಲ್ಲ, ನಿನ್ನೆ ಬಂದವನೇ ನೆಟ್ಟಗೆ ಹೇಳಿದ, ನೋಡ್ರಿ, ನಮಗ ಹುಡುಗಿ ಪಸಂದ್ ಐತಿ, ಮನಿತನ ಪಸಂದ್ ಐತಿ, ಆದ್ರ ಸಿಂಧನೂರು ಸಂತ್ಯಾಗ ಮಂದಿ ಏನೇನೋ ಅಂತಾರ, ಆ ಸೆರಿಯಾಗ ಇದ್ದವ್ರು ಇಲಿ ತಿಂದಾರ, ಹಾವು ತಿಂದಾರ, ಮೀನು ತಿಂದಾರ ಅಂತ, ನೀವು ಅಯ್ಯನೋರ ಮುಂದ ಒಂದು ಮಾತು ಅಂದುಬಿಟ್ರ ಮಂದಿ ಬಾಯಿ ಮುಚ್ಚತೈತಿ. ಬಾಗಿಲ ಹಿಂದೆ ಬಳೆಯ ಸದ್ದು, ಅದು ಗದ್ದೆಮ್ಮ, ಅಣ್ಣ ಸತ್ತನೋ ಬದುಕಿದನೋ ತಿಳಿಯದೆ ಅವ್ವ ಇಷ್ಟು ವರ್ಷ ಆಕೆಯ ಮದುವೆಯ ಮಾತೇ ಎತ್ತಲಿಲ್ಲ, ವಾರಿಗೆಯವರೆಲ್ಲ ಕೂಸು ಎತ್ತಿಕೊಂಡು ಬಾವಿಗೆ ಬರುವಾಗ ಈಕೆ ಖಾಲಿ ಕೊಡ ಎತ್ತಿಕೊಂಡು ಹೋಗುತ್ತಾಳೆ, ಬೆಳಿಗ್ಗೆ ನೀರು ಕಾಯಿಸಿ ಕೊಡುವಾಗ, ಯಣ್ಣಾ, ಹೆದರಬ್ಯಾಡ, ಖರೇನ ಹೇಳಿಬಿಡು, ನೀ ಏನೂ ತಿಂದಿರಂಗಿಲ್ಲ, ನಂಗ ಗೊತ್ತೈತಿ ಅಂದಳು. ಆಕೆಗೆ ಗೊತ್ತಿದೆಯಂತೆ. ನಾನು ತಲೆ ಬಗ್ಗಿಸಿ ನೀರಿನ ಬಿಸಿ ನೋಡಿದೆ.

ಹಸನ್‌ಸಾಬ್‌ಗೆ ಇವತ್ತೇ ಬಾ ಎಂದು ಯಾರು ಹೇಳಿದ್ದರು. ಲಿಂಗಸುಗೂರಿನಿಂದ ಬೆಳಗಿನ ಮೋಟಾರಿಗೆ ಬಂದಿಳಿದು ನಮ್ಮ ಮನೆಗೆ ಹೋಗಿ, ಬಾಗಿಲಿಗೆ ಚಿಲಕ ಕಂಡು ಇಲ್ಲಿಗೇ ಓಡಿ ಬಂದಿದ್ದಾನೆ, ಕೈಯಲ್ಲಿ ಹೈದರಾಬಾದಿನ ಉರ್ದು ಪತ್ರಿಕೆ, ಬಾಗಿಲಲ್ಲೇ ನಿಂತು, ಲೇ ವಿರುಪಾಕ್ಷಿ, ಆಜಾದ್ ಆತಲೇ, ಆ ದೇಶ ಆಜಾದ್ ಆತು ಎಂದು ಒದರಿದ, ಒದ್ದೆ ಮೈಯಲ್ಲಿ ಲಿಂಗ ಹಿಡಿದು ಕೂತವನನ್ನು ಕಂಡು ಮಾತು ನುಂಗಿ ಹೊರಗಿನ ಕಟ್ಟೆಯ ಮೇಲೆ ಕೂತ. ನಾವಿಬ್ಬರೂ ಲಷ್ಕರದ ಲಾರಿ ಹೊಡೆದವರು, ಸಿಂಗಾಪುರದಲ್ಲಿ ಒಂದೇ ದಿನ ಸೆರೆ ಸಿಕ್ಕವರು, ಒಂದೇ ಹಡಗಿನ ಹೊಟ್ಟೆಯಲ್ಲಿ ಬೆಂದವರು, ನನ್ನ ಬಾಯಿಗೆ ಏನು ಮುಟ್ಟಿದೆ ಎಂದು ಅವ್ವನನ್ನು ಬಿಟ್ಟರೆ ಈ ಲೋಕದಲ್ಲಿ ಇವನಿಗೊಬ್ಬನಿಗೇ ಗೊತ್ತು, ಎದೆ ಧಸಕ್ಕೆಂದಿತು, ಬಾಯಿ ತೆರೆದಾನೋ ಎಂದು, ಜೀವದ ಗೆಳೆಯನನ್ನು ಕಂಡು ಎದೆ ಧಸಕ್ಕೆನ್ನುವ ಮಟ್ಟಕ್ಕೆ ಬಂದೆಯಲ್ಲೋ. ಯಾವ ದೇಶ ಸಾಬ್, ಎಂದು ಅಂಬಪ್ಪ ಕೇಳಿದ. ಫಿಲಿಪೈನ್ ರೀ, ಜಪಾನದವ್ರು ನಮ್ಮ ಕೈಲಿ ಮಣ್ಣು ಹೊರಿಸಿದ್ರಲ್ಲ, ಆ ದ್ವೀಪ, ಮೊದಲ ಅಮೇರಿಕದವ್ರು ಆಳ್ತಿದ್ರು, ನಡುವ ಜಪಾನದವ್ರು ಬಂದು ಹೊಲಸೆಬ್ಬಿಸಿದ್ರು, ಈಗ ಅಲ್ಲಿ ಮಂದಿ ಅಮೇರಿಕದ ಝಂಡಾ ಇಳಿಸಿ ತಮ್ಮದು ಏರಿಸ್ಯಾರ, ಪತ್ರಿಕಾದಾಗ ಬಂದೈತಿ. ಅಷ್ಟರಲ್ಲಿ ಮಠದ ಅಡುಗೆಯವನು ಒಳಗಿಂದ, ಮೆಲ್ಲಗ ಮಾತಾಡ್ರೋ ಯಪ್ಪಾ, ಆಜಾದಿ ಗೀಜಾದಿ ಅಂತ ಒದರಬ್ಯಾಡ್ರಿ, ಅಮೀನ ಊರಾಗ ಅದಾನ ಅಂದ, ನಿಜವೇ, ನಿಜಾಮರ ಪೊಲೀಸಿನ ಕಿವಿಗೆ ಆ ಒಂದು ಶಬ್ದ ಬಿದ್ದರೆ ಯಾವ ದೇಶದ್ದು ಎಂದು ಕೇಳುವ ತಾಳ್ಮೆ ಅದಕ್ಕಿಲ್ಲ. ಅಂಬಪ್ಪ ಹೊಟ್ಟೆ ಕುಣಿಸಿ ನಕ್ಕ, ಮೀನ ತಿನ್ನೋ ಮಂದಿಗೂ ಸ್ವರಾಜ್ಯ ಸಿಕ್ತು, ಜ್ವಾಳ ತಿನ್ನೋ ನಮಗ ಇನ್ನೂ ಇಲ್ಲ ನೋಡ್ರಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ಬಾಯಿ ತಾನಾಗಿಯೇ ಅಗಲವಾಯಿತು ಎಂದು ಸಬೂಬು ಹೇಳಿಕೊಳ್ಳಬೇಡ, ಹಲ್ಲು ಕಾಣುವ ಹಾಗೆ ನಕ್ಕೆ, ಬೀಗರ ಮಾತಿಗೆ ನಗಬೇಕು ಎಂದು ನಕ್ಕೆ, ನಕ್ಕು ಬಾಗಿಲ ಕಡೆ ನೋಡಿದರೆ ಹಸನ್‌ಸಾಬ್ ನಗುತ್ತಿರಲಿಲ್ಲ, ಪತ್ರಿಕೆಯನ್ನು ಮಡಿಸಿ ಮಡಿಸಿ ಅಂಗೈಯಷ್ಟು ಮಾಡುತ್ತಿದ್ದ.

ಮೀನು ತಿನ್ನುವ ಮಂದಿ. ಹೌದು ತಿನ್ನುತ್ತಿದ್ದರು, ಸಮುದ್ರವನ್ನು ಹಿತ್ತಿಲಲ್ಲಿಟ್ಟುಕೊಂಡವರು ಮತ್ತೇನು ತಿನ್ನಬೇಕು, ಸಜ್ಜೆ ರೊಟ್ಟಿಯೇ — ಹಡಗು ಎಲ್ಲಿಗೋ ಹೊರಟಿತ್ತು, ಕೆಟ್ಟಿತೋ ಪೆಟ್ಟು ತಿಂದಿತೋ, ಸೆರೆಯಾಳುಗಳಿಗೆ ಯಾರು ಹೇಳುತ್ತಾರೆ, ಆ ದ್ವೀಪದಲ್ಲಿ ಇಳಿಸಿ, ವಿಮಾನ ಇಳಿಯಲು ಬಯಲು ಮಾಡಿರಿ ಎಂದು ಸಲಿಕೆ ಬುಟ್ಟಿ ಕೊಟ್ಟರು, ಸುತ್ತ ಬಿದಿರಿನ ಬೇಲಿ, ಬೇಲಿಯಾಚೆ ಒಂದು ಹಳ್ಳ, ಅಲ್ಲಿ ಬಟ್ಟೆ ಒಗೆಯಲು ಬರುವ ಹೆಂಗಸರು, ಅವರಲ್ಲಿ ಒಬ್ಬಾಕೆ ಅವ್ವನ ವಯಸ್ಸಿನವಳು, ಅವ್ವನ ಹಾಗೆಯೇ ಸೊಂಟಕ್ಕೆ ಕೈ ಕೊಟ್ಟು ನಿಂತು ಜಗತ್ತನ್ನೇ ಬೈಯುವವಳ ಹಾಗೆ ನೋಡುತ್ತಿದ್ದಳು. ಬೊನಿಫಾಸಿಯಾ ಆಕೆಯ ಹೆಸರು, ಊರವರು ಮರ್ಯಾದೆಗೆ ಆಲಿಂಗ್ ಪಾಸಿಯಾ ಅನ್ನುತ್ತಿದ್ದರು, ನಮ್ಮ ನಾಲಿಗೆಗೆ ಪಾಸವ್ವ ಆದಳು. ಕಾವಲಿನವನು ಸಿಗರೇಟು ಹಚ್ಚಲು ತಿರುಗಿದಾಗ ಬೇಲಿಯ ಸಂದಿಯಿಂದ ಬಾಳೆಲೆಯ ಪೊಟ್ಟಣ ಬರುತ್ತಿತ್ತು, ಒಳಗೆ ಅನ್ನ, ಅನ್ನದ ಮೇಲೆ ಒಣಮೀನು, ನಾನು ಮುಟ್ಟಲಿಲ್ಲ, ಹೊಟ್ಟೆ ಬೆನ್ನಿಗೆ ಹತ್ತಿದ್ದರೂ ಮುಟ್ಟಲಿಲ್ಲ, ನನ್ನ ಪಾಲನ್ನೂ ಹಸನ್‌ಸಾಬನೇ ತಿಂದ, ಆತನ ಸಂಕಟ ಬೇರೆ, ಇದರಲ್ಲಿ ಹಂದಿ ಗಿಂದಿ ಇದ್ದೀತೋ ಎಂದು ಅನ್ನವನ್ನು ಬೆರಳಿನಿಂದ ಬೆದಕಿ ಬೆದಕಿ ನೋಡುವವನು. ಪಾಸವ್ವ ಸಂದಿಯಿಂದ ಇದನ್ನೆಲ್ಲ ನೋಡುತ್ತಿದ್ದಳು. ಮರುದಿನ ಬಂದವಳು ಮೂಗನ್ನು ಬೆರಳಿನಿಂದ ಮೇಲಕ್ಕೊತ್ತಿ ಹಂದಿಯ ಮೋರೆ ಮಾಡಿ, ಇಲ್ಲ ಇಲ್ಲ ಎಂದು ಹಸನನಿಗೆ ತಲೆಯಾಡಿಸಿದಳು, ಆಮೇಲೆ ಅಂಗೈಯನ್ನು ನೀರಲ್ಲಿ ಈಜುವ ಹಾಗೆ ಅಲುಗಾಡಿಸಿ, ಇಲ್ಲ ಇಲ್ಲ ಎಂದು ನನಗೆ ತಲೆಯಾಡಿಸಿದಳು, ಎರಡು ಪೊಟ್ಟಣ, ನನ್ನದರಲ್ಲಿ ಬರೀ ಅನ್ನ, ಮೂಲೆಯಲ್ಲಿ ಹರಳುಪ್ಪು. ಅವತ್ತು ನಾವು ನಕ್ಕೆವು, ಸೆರೆ ಸಿಕ್ಕ ಮೇಲೆ ಮೊದಲ ಸಲ, ಆಕೆಯೂ ನಕ್ಕಳು, ಇಬ್ಬರು ಗಂಡುಮಕ್ಕಳು ಜಪಾನದವರ ವಿರುದ್ಧ ಗುಡ್ಡ ಹತ್ತಿ ಕೂತಿರುವ ತಾಯಿ, ಸಿಕ್ಕರೆ ಮನೆಯ ಜಂತೆಗೇ ನೇಣು ಎಂದು ಗೊತ್ತಿದ್ದ ಹೆಂಗಸು, ಎಲ್ಲಿಯದೋ ಊರಿನ ಇಬ್ಬರು ಪಾಪಿಗಳ ಮಡಿಗಾಗಿ ಬೇರೆ ಬೇರೆ ಪೊಟ್ಟಣ ಕಟ್ಟಿದಳು. ಸ್ವಂತ ಅವ್ವನೂ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಬೇಕಾದ್ರ ತಿನ್ನು ಇಲ್ಲಂದ್ರ ಬಿಡು ಅಂತಿದ್ದಳು.

ಗಂಟೆ ನಿಂತಿತೇ, ಇಲ್ಲ, ಕೈ ಬದಲಿಸಿರಬೇಕು, ಮತ್ತೆ ಬಾರಿಸುತ್ತಿದ್ದಾರೆ, ಬಾರಿಸಲಿ, ಇನ್ನಷ್ಟು ಹೊತ್ತು ಬಾರಿಸಲಿ — ಆಮೇಲೆ ಅಕ್ಕಿ ತೀರಿತು. ಜಪಾನದವರು ಊರಿನ ಕಣಜ ಕಣಜವೇ ಬಳಿದುಕೊಂಡು ಹೋದರು, ಮಕ್ಕಳ ಹೊಟ್ಟೆ ಮುಂದೆ ಬಂದು ಕಾಲು ಕಡ್ಡಿಯಾದವು, ಆಕೆ ಬರುವಳು, ಖಾಲಿ ಎಲೆ ಬಿಚ್ಚಿ ತೋರಿಸಿ, ವಾಲಾ ಅನ್ನುವಳು, ವಾಲಾ ಅಂದರೆ ಅವರ ಮಾತಿನಲ್ಲಿ ಇಲ್ಲ, ಏನೂ ಇಲ್ಲ, ತಪ್ಪು ತನ್ನದೇ ಎಂಬ ಹಾಗೆ ಅನ್ನುವಳು, ಒಮ್ಮೊಮ್ಮೆ ಒಂದು ಗೆಣಸು. ನನಗೆ ರಕ್ತಭೇದಿ ಹತ್ತಿತು, ಬೇಲಿಯ ಬುಡದಲ್ಲಿ ಬಿದ್ದುಕೊಂಡಿದ್ದೆ, ನೊಣ ಓಡಿಸಲೂ ಕೈ ಏಳುತ್ತಿರಲಿಲ್ಲ, ಲಿಂಗದ ಬೆಳ್ಳಿ ಕರಡಿಗೆಯನ್ನು ಕಾವಲಿನವನು ಯಾವಾಗಲೋ ಕಿತ್ತುಕೊಂಡಿದ್ದ, ಲಿಂಗವೊಂದು ಹರಕು ಅರಿವೆಯಲ್ಲಿ ಎದೆಯ ಮೇಲಿತ್ತು, ಅದು ಜಾರಿ ಮಣ್ಣಿಗೆ ಬಿದ್ದದ್ದನ್ನು ಪಾಸವ್ವ ಕಂಡಳು, ಸಂದಿಯಿಂದ ಕೈ ತೂರಿಸಿ ಎತ್ತಿ, ಊದಿ ಒರೆಸಿ, ತನ್ನ ಕೊರಳಿನ ಶಿಲುಬೆಯನ್ನು ಮುಟ್ಟಿ ತೋರಿಸಿ, ಓಹೋ ನಿನಗೂ ಒಂದಿದೆಯಾ ಎನ್ನುವ ಹಾಗೆ ಹುಬ್ಬೇರಿಸಿದಳು, ಮರುದಿನ ಹಿಟ್ಟಿನ ಚೀಲದ ಬಟ್ಟೆಯಲ್ಲಿ ಅದಕ್ಕೊಂದು ಸಂಚಿ ಹೊಲಿದು ತಂದಳು, ದಾರ ಹಾಕಿ. ಅದರ ಜತೆಗೆ ತೆಂಗಿನ ಕರಟದಲ್ಲಿ ಮೀನಿನ ತಲೆಯ ಸಾರು. ಈಗ ಹೇಳು, ಈ ಕಲ್ಲಿನ ಮೇಲೆ ಕೂತು ನಿನಗೆ ನೀನೇ ಹೇಳು, ಬಲವಂತಕ್ಕೆ ಕುಡಿದೆಯಾ, ಎಚ್ಚರವಿಲ್ಲದೆ ಕುಡಿದೆಯಾ. ಎಚ್ಚರವಿತ್ತು. ಆಕೆ ಮೊದಲಿನ ಹಾಗೆ ಅಂಗೈ ಅಲುಗಾಡಿಸಿ, ಇದು ಮೀನು, ಬೇರೇನೂ ಇಲ್ಲ, ಏನು ಮಾಡಲಿ ಎಂದು ಕಣ್ಣಲ್ಲೇ ಕೇಳಿದಳು, ನಾನು ಬಾಯಿ ತೆರೆದೆ. ಉಪ್ಪುಪ್ಪು, ಬಿಸಿ, ಹುಣಸೆಯ ಹುಳಿ, ಹೊಟ್ಟೆಯ ತಳಕ್ಕೆ ಹೋಗಿ ಮುಟ್ಟಿದ್ದು ತಿಳಿಯಿತು, ರುಚಿಯಾಗಿತ್ತು, ಇನ್ನಷ್ಟು ಎಂದು ಕೈ ಚಾಚಿದೆ. ಹೌದು, ಚಾಚಿದೆ. ಅವತ್ತಿನಿಂದ ಆಕೆ ಕೊಟ್ಟದ್ದನ್ನೆಲ್ಲ ತಿಂದೆ, ತಿಂದು ಎದ್ದು ಕೂತೆ, ಎದ್ದು ನಿಂತೆ, ಈ ತೊಡೆಯ ಮಾಂಸ, ಈ ತೋಳು, ಸಿಂಧನೂರಿನವರು ನೋಡಿ, ಸೆರ‍್ಯಾಗಿದ್ರೂ ಮೈ ಕಟ್ಟುಮಸ್ತ್ ಐತ್ರಿ ಎಂದು ಹೊಗಳಿದ ಈ ಮೈ, ಎಲ್ಲ ಆ ಕರಟದ್ದು.

ಗುಡ್ಡ ಹತ್ತಿ ಕೂತಿದ್ದವರು ಮದ್ದಿಟ್ಟು ಸೇತುವೆ ಹಾರಿಸಿದರು. ಅದರ ಮರುದಿನ ಜಪಾನದವರು ಇಡೀ ಊರನ್ನು ದೇವಸ್ಥಾನದ ಬಯಲಿಗೆ ಅಟ್ಟಿಕೊಂಡು ಬಂದರು, ಮುದಗಲ್ಲಿನಲ್ಲಿ ಕ್ರಿಸ್ತರ ಗುಡಿ ಇದೆಯಲ್ಲ, ಅಂಥದೇ ಗುಡಿ, ಸುಣ್ಣ ಬಳಿದದ್ದು, ನಮ್ಮನ್ನೂ ತಂದು ಒಂದು ಕಡೆ ಸಾಲಾಗಿ ನಿಲ್ಲಿಸಿದರು. ಗುಡ್ಡದವರಿಗೆ ಕ್ಯಾಂಪಿನ ಸುದ್ದಿ ಕೊಡುವವರು ಸೆರೆಯಾಳುಗಳೇ, ಅನ್ನ ಹಾಕುವ ನೆಪದಲ್ಲಿ ಸುದ್ದಿ ಒಯ್ಯುವ ಹೆಂಗಸು ಇವಳೇ ಎಂದು ಯಾರೋ ಹಚ್ಚಿಕೊಟ್ಟಿದ್ದರು, ಪಾಸವ್ವನ ಕೈ ಹಿಂದಕ್ಕೆ ಕಟ್ಟಿರಲಿಲ್ಲ, ಬೆರಳು ಮಾಡಿ ತೋರಿಸಬೇಕಲ್ಲ, ಅದಕ್ಕೆ. ಯಾರಿಗೆ ಅನ್ನ ಹಾಕಿದಿ, ತೋರಿಸು, ತೋರಿಸಿದರೆ ಮನೆಗೆ ಹೋಗು ಎಂದು ದುಭಾಷಿ ಕೂಗಿ ಹೇಳಿದ. ಆಕೆ ನಮ್ಮ ಸಾಲಿನ ಮುಂದೆ ನಡೆದು ಬಂದಳು, ತಲೆ ಎತ್ತಿ, ಒಬ್ಬೊಬ್ಬರ ಮುಖವನ್ನೂ ನೋಡುತ್ತ, ತುಟಿ ಒಡೆದಿತ್ತು, ಕಣ್ಣು ಹಾಗೇ ಇದ್ದವು, ಆ ಕಣ್ಣುಗಳು ಹಸನ್‌ಸಾಬನ ಮೇಲೆ ಬಂದು ದಾಟಿದವು, ನನ್ನ ಕಡೆ ಬರುತ್ತಿದ್ದವು, ನಾನು ಆಕೆಗಾಗಿ ಬೇಡಿಕೊಂಡೆನೇ, ಮಲ್ಲಯ್ಯಾ ಈ ತಾಯಿಯನ್ನು ಉಳಿಸು ಎಂದೆನೇ, ಇಲ್ಲ, ನನ್ನ ಮೇಲೆ ನಿಲ್ಲಬೇಡ ನಿಲ್ಲಬೇಡ ಎಂದು ಆ ಕಣ್ಣುಗಳನ್ನೇ ಬೇಡಿಕೊಂಡೆ, ಅವು ಬಂದವು, ನನ್ನ ಮುಖದ ಮೇಲೆ, ಬಾಯಿಗೆ ಕರಟ ಹಿಡಿದವಳ ಕಣ್ಣು, ಬೇಲಿಯ ಗೂಟವನ್ನು ನೋಡಿದ ಹಾಗೆ ನನ್ನನ್ನು ನೋಡಿ, ದಾಟಿ, ಪಕ್ಕದವನ ಮೇಲೆ ಹೋದವು. ಸಾಲು ಮುಗಿದ ಮೇಲೆ ಆಕೆ ದುಭಾಷಿಯ ಕಡೆ ತಿರುಗಿ, ವಾಲಾ ಅಂದಳು. ಇಲ್ಲ, ಯಾರೂ ಇಲ್ಲ, ಇವರು ಯಾರೋ ನನಗೆ ಗೊತ್ತಿಲ್ಲ. ಮತ್ತೆ ಕೇಳಿದರು, ಮತ್ತೆ ಅದನ್ನೇ ಅಂದಳು. ಆಕೆಯನ್ನೂ ಇನ್ನಷ್ಟು ಜನರನ್ನೂ ಗುಡಿಯ ಹಿಂದಕ್ಕೆ ಕರೆದೊಯ್ದರು, ಸಾಲಿಮಾಸ್ತರನೊಬ್ಬ, ಗಂಟೆ ಹೊಡೆಯುವ ಮುದುಕ, ಇನ್ನೂ ಮೀಸೆ ಮೂಡದವರು, ಸದ್ದು ಕೇಳಿತು, ಊರಿಗೆ ಬೆಂಕಿ ಹಚ್ಚಿದರು. ಗುಂಡಿ ಮುಚ್ಚಲು ನಮ್ಮ ಕೈಗೇ ಸಲಿಕೆ ಕೊಟ್ಟರು, ನಾನು ಸಲಿಕೆ ಬಿಟ್ಟು ಮೊದಲು ಬರಿಗೈಯಿಂದ ಮಣ್ಣು ಹಾಕಿದೆ, ನಮ್ಮಲ್ಲಿ ನಮ್ಮವರಿಗೆ ಹಾಕುವ ಹಾಗೆ, ಬೆನ್ನಿಗೆ ಬಂದೂಕಿನ ಹಿಡಿ ಬಿತ್ತು, ಬಿದ್ದರೂ ಹಾಕಿದೆ, ಅಂದರೆ ಅವತ್ತು ನನ್ನಲ್ಲಿ ಅಷ್ಟಾದರೂ ಇತ್ತು, ಬಂದೂಕಿನ ಮುಂದೆ ಇದ್ದದ್ದು ಅಂಬಪ್ಪನ ರುಮಾಲಿನ ಮುಂದೆ ಎಲ್ಲಿ ಹೋಯಿತು.

ಕೊನೆಗೆ ಅಮೇರಿಕದವರು ಮರಳಿ ಬಂದ ದಿನ ಅಳಿದುಳಿದ ಜನ ಗುಡ್ಡದಿಂದ ಇಳಿದು ಬಂದರು, ಒಬ್ಬ ಮುದುಕ ಬಿದಿರಿನ ಕೊಳವೆಯನ್ನು ಕಲ್ಲಿಗೆ ಕುಟ್ಟಿ ಒಡೆದು ಒಳಗಿಂದ ಸುತ್ತಿಟ್ಟ ಅರಿವೆ ಎಳೆದ, ಅವರ ಝಂಡಾ, ನುಸಿ ತಿಂದದ್ದು, ಅದನ್ನು ಕಂಡು ಮಂದಿ ಹಾಡಲಿಲ್ಲ ಕುಣಿಯಲಿಲ್ಲ, ಕುಸಿದು ಕೂತು ಅತ್ತರು, ಯಾಕೆಂದರೆ ಹೆಸರು ಕರೆದರೆ ಓ ಅನ್ನುವವರು ಯಾವ ಮನೆಯಲ್ಲೂ ಪೂರ್ತಿ ಇರಲಿಲ್ಲ, ಪಾಸವ್ವನ ಮಕ್ಕಳಲ್ಲಿ ಒಬ್ಬನೇ ಬಂದ, ಒಂದು ತೋಳಿಲ್ಲದೆ, ಗುಂಡಿ ಎಲ್ಲಿ ಎಂದು ಕೇಳಿದ, ನಾನೂ ಹಸನನೂ ಕರೆದುಕೊಂಡು ಹೋಗಿ ತೋರಿಸಿದೆವು. ಇವತ್ತು ಪತ್ರಿಕೆಯಲ್ಲಿ ಏರಿರುವುದು ಆ ಝಂಡಾ, ಅದರ ಕೋಲಿನ ಬುಡದ ಮಣ್ಣು ನನಗೆ ಗೊತ್ತು, ಹಸನ್‌ಸಾಬ್ ಅದಕ್ಕೇ ಓಡಿ ಬಂದದ್ದು, ಬಾರಲೇ, ಅಕಿ ಹೆಸರಿಲೆ ನಾ ಫಾತೆಹಾ ಓದಸ್ತೀನಿ, ನೀ ಎಡಿ ಹಿಡಿ ಅನ್ನಲು ಬಂದಿದ್ದಾನೆ, ಹೇಳಬೇಕೇ, ಅವನ ಹೊಟ್ಟೆಯೊಳಗಿನದು ನನಗೆ ಗೊತ್ತಾಗುವುದಿಲ್ಲವೇ, ಹೇಳಲು ಬಾಯಿ ಬಿಡದಂತೆ ಮಾಡಿದ್ದು ನಾನು. ತೊಗರಿ ಕೊಯ್ಲಿನ ಹೊತ್ತಿಗೆ ಊರಿಗೆ ಬಂದಾಗ ಮಸ್ಕಿಯವರು ಎದುರುಗೊಂಡು ಹಾರ ಹಾಕಿದರು, ಸುತ್ತಿನ ಹಳ್ಳಿಯಿಂದ ಹೋದವರಾರೂ ಬರಲಿಲ್ಲ, ಹಾಳೂರಿಗೆ ಉಳಿದವನೇ ಗೌಡ, ನಾನು ದೊಡ್ಡ ಮನುಷ್ಯನಾದೆ. ಜ್ವರದಲ್ಲಿ ಬಡಬಡಿಸಿ ಅವ್ವನ ಮುಂದೆ ಎಲ್ಲ ಹೇಳಿಬಿಟ್ಟೆ, ಅವ್ವ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಯವ್ವಾ ಪುಣ್ಯಾತಗಿತ್ತಿ, ನನ್ನ ಮಗನ್ನ ಉಳಿಸಿಕೊಟ್ಟು ನೀ ಹೋದೇನ ಯವ್ವಾ ಎಂದು, ಕಾಣದ ಆ ಹೆಂಗಸಿಗಾಗಿ ಹಾಡಿಕೊಂಡು ಅತ್ತಳು, ಮರುದಿನ ಎದ್ದು ಪಾಸವ್ವ ಹೊಲಿದ ಸಂಚಿಯಿಂದ ಲಿಂಗ ತೆಗೆದು ಹೊಸ ಬೆಳ್ಳಿ ಕರಡಿಗೆಯಲ್ಲಿಟ್ಟು, ಸಂಚಿಯನ್ನು ಹಳ್ಳಕ್ಕೆ ಬಿಟ್ಟು ಬಂದಳು, ಯಪ್ಪಾ, ಇದು ನಿನಗ ನನಗ ಬಿಟ್ಟು ಮೂರನೇದವ್ರಿಗೆ ಗೊತ್ತಾಗಬಾರದು, ಮನಿಯಾಗ ಬೆಳದ ಹುಡುಗಿ ಐತಿ. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂದು ಹಾಲು ಕುಡಿಸಿದ ದಿನದಿಂದ ಹೇಳಿಕೊಟ್ಟ ಅವ್ವ. ಆಕೆಯನ್ನು ಬೈಯಲಾರೆ, ಸಂಚಿ ಒಯ್ಯುವಾಗ ನಾನು ಎಚ್ಚರವಿದ್ದೆ, ಬೇಡ ಎನ್ನಲಿಲ್ಲ.

ಗಂಟೆ ನಿಂತಿತು. ಕೋಲಿನ ಸದ್ದು, ಕಲ್ಲಿನ ಮೇಲೆ ಟಕ್ ಟಕ್, ಅಯ್ಯನವರು ಬಂದು ಎದುರಿಗೆ ಕೂತರು, ಬಿಲ್ವಪತ್ರಿಯ ವಾಸನೆ, ಧೂಪದ ವಾಸನೆ, ಕೇಳಿದರು, ನಾನು ಅಂದುಕೊಂಡದ್ದಕ್ಕಿಂತ ಮೆಲ್ಲಗೆ, ಮುಟ್ಟಬಾರದ್ದು ಮುಟ್ಟೇತೇನು ಮಗನ. ಅಂಗೈಯಲ್ಲಿ ಲಿಂಗ ತಣ್ಣಗಿತ್ತು, ಬಾಗಿಲ ಹಿಂದೆ ಬಳೆ ಸದ್ದಿಲ್ಲ, ಇಲ್ರೀ ಅಜ್ಜಾರ, ಮುಟ್ಟಿಲ್ಲ, ಅಂದೆ, ಕಂಪಿಸದೆ ಬಂತು ಮಾತು, ಇದೊಂದು ಕಟ್ಟಳೆ, ಕಟ್ಟಳೆಗೆ ಕಟ್ಟಳೆಯ ಉತ್ತರ, ಗದ್ದೆಮ್ಮನಿಗಾಗಿ ಇಷ್ಟು ಸುಳ್ಳನ್ನು ಪಾಸವ್ವನೂ ಹೇಳುತ್ತಿದ್ದಳು, ಹೇಳುತ್ತಿದ್ದಳಲ್ಲವೇ, ಆಕೆಗೆ ಗೊತ್ತಾದರೆ ಸೊಂಟಕ್ಕೆ ಕೈ ಕೊಟ್ಟು ನಕ್ಕಾಳು ಎಂದು ಸಮಾಧಾನವನ್ನೂ ಹೇಳಿಕೊಂಡೆ. ಅಂಬಪ್ಪ ಹಿಗ್ಗಿ ಹೋದ, ನೋಡ್ರಿ ಇದು ನಿಷ್ಠಾ ಅಂದ್ರ, ಸಾಬ್, ನೀವೂ ಜೋಡಿ ಇದ್ರೆಲ್ಲ, ಹೌದಿಲ್ಲೋ. ಹಸನ್‌ಸಾಬ್ ಕಟ್ಟೆಯ ಮೇಲಿಂದಲೇ, ಅವರ ಬಾಯಿಲೆ ಬಂದ ಮ್ಯಾಲೆ ಆತಲ್ರೀ, ಅಂದ, ನನ್ನ ಕಡೆ ನೋಡಲಿಲ್ಲ. ಮುಗಿಯಿತು ಎಂದುಕೊಂಡೆ. ಅಯ್ಯನವರು ನನ್ನ ಹಣೆಗೆ ವಿಭೂತಿ ಎಳೆದರು, ಎಳೆದ ಕೈಯನ್ನು ತೆಗೆಯದೆ ಅಲ್ಲಿಯೇ ಇಟ್ಟುಕೊಂಡು, ತಮ್ಮಾ, ಕಟ್ಟಳಿ ಮುಗೀತು, ಈಗ ನಾ ಕೇಳಾಕತ್ತೀನಿ ಅಂದರು, ಬರೇ ಗಾಳಿ ಕುಡದು ಯಾವ ಮನುಷ್ಯಾನೂ ಬದುಕಂಗಿಲ್ಲ, ಯಾರರ ಒಂದು ಗುಟುಕು ನೀರು ಕೊಟ್ಟಿರಬೇಕು, ಯಾವ ಕುಲ ಅಂತ ಕೇಳೂದಿಲ್ಲ, ಏನು ಕೊಟ್ರು ಅಂತನೂ ಕೇಳೂದಿಲ್ಲ, ಅವರ ಹೆಸರೊಂದು ಹೇಳು, ಅವರ ಹೆಸರಿಲೆ ಒಂದು ಪತ್ರಿ ಏರಸೂನು. ಹಿಡಿದ ಪತ್ರಿ ನನ್ನ ಕಣ್ಣ ಮುಂದಿದೆ, ಹೇಳು, ಪಾಸವ್ವ ಅನ್ನು, ಅಷ್ಟೇ, ಏನೂ ಆಗುವುದಿಲ್ಲ, ಏನು ಕೊಟ್ಟರು ಎಂದು ಕೇಳುವುದಿಲ್ಲವೆಂದರಲ್ಲ, ಇಂಥ ಮಾತು ಈ ಮಠದಲ್ಲಿ ಕೇಳೀತೆಂದು ನೀನು ಕನಸಿನಲ್ಲೂ ಎಣಿಸಿರಲಿಲ್ಲ, ಹೇಳು — ಅಂಬಪ್ಪನ ಕೈ ರುಮಾಲಿನ ಮೇಲೆ ತಡೆದಿದೆ, ತಲೆ ನನ್ನ ಕಡೆ ವಾಲಿದೆ, ಹೆಣ್ಣಿನ ಹೆಸರೇ, ಯಾವ ಹೆಣ್ಣು, ಮೀನು ತಿನ್ನುವ ದೇಶದ ಹೆಣ್ಣು ಏನು ಕೊಟ್ಟಾಳು ಎಂದು ಸಿಂಧನೂರು ಮುಟ್ಟುವುದರೊಳಗೆ ಲೆಕ್ಕ ಹಾಕುತ್ತಾನೆ, ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಾಳೆ, ಕಟ್ಟೆಯ ಮೇಲೆ ಹಸನ್‌ಸಾಬ್ ಎದ್ದು ನಿಂತಿದ್ದಾನೆ, ಈಗ ನನ್ನನ್ನೇ ನೋಡುತ್ತಿದ್ದಾನೆ.

ಯಾರೂ ಇಲ್ರೀ ಅಜ್ಜಾರ. ಯಾರೂ ಇರಲಿಲ್ಲೇನು ಎಂದು ಅಯ್ಯನವರು ಇನ್ನೊಮ್ಮೆ ಕೇಳಿದರು, ಕುರುಡುಗಣ್ಣು ಅಷ್ಟು ಹತ್ತಿರ ತಂದು, ಇಲ್ರೀ ಅಂದೆ. ಪತ್ರಿ ತಟ್ಟೆಗೆ ಮರಳಿತು. ಕಟ್ಟೆ ಬರಿದಾಗಿದೆ, ಹಸನ್‌ಸಾಬ್ ಮೋಟಾರು ಸ್ಟ್ಯಾಂಡಿನ ಕಡೆ ಹೋಗಿರಬೇಕು, ಕರೆಯಲು ಬಾಯಿಲ್ಲ ನನಗೆ, ಬಾಗಿಲ ಹಿಂದೆ ಬಳೆಗಳೆಲ್ಲ ಒಮ್ಮೆಲೇ ಸದ್ದು ಮಾಡಿದವು, ನಗುತ್ತಿದ್ದಾಳೆ ಹುಡುಗಿ, ನಗಲಿ, ಶ್ರಾವಣ ಸೋಮವಾರ ಛಲೋ ಐತ್ರಿ ಎಂದು ಅಂಬಪ್ಪ ಅವ್ವನಿಗೆ ಹೇಳುತ್ತಿದ್ದಾನೆ, ಯಾರೋ ಒಣ ಟವೆಲು ಹೊದಿಸಿದರು, ಮೈ ಬೆಚ್ಚಗಾಗುತ್ತಿದೆ, ನಾಚಿಕೆಯಿಲ್ಲದ ಮೈ, ಕಣ್ಣು ಮುಚ್ಚಿದರೆ ಬಯಲು, ಸುಣ್ಣದ ಗೋಡೆ, ಸಾಲು, ಸಾಲಿನ ಮುಂದೆ ಆಕೆ ನಡೆದು ಬರುತ್ತಿದ್ದಾಳೆ, ಆ ಕಣ್ಣುಗಳು ಹಸನನನ್ನು ದಾಟಿ ನನ್ನ ಹತ್ತಿರ ಬರುತ್ತವೆ, ಅವತ್ತು ನಿಲ್ಲಬೇಡ ಎಂದು ಬೇಡಿದವನು ನಾನೇ, ಈಗ ನಿಲ್ಲು ಪಾಸವ್ವ, ಇಲ್ಲಿ, ನಾನೇ, ಬೆರಳು ಮಾಡಿ ತೋರಿಸು, ಎಲ್ಲರೆದುರು ತೋರಿಸು, ನಾನೇ — ಬರುತ್ತವೆ, ನನ್ನ ಮುಖದ ಮೇಲೆ ಬರುತ್ತವೆ, ಗುರುತೇ ಇಲ್ಲ, ದಾಟಿ ಹೋಗುತ್ತವೆ, ಮತ್ತೆ ಮೊದಲಿಂದ ಬರುತ್ತವೆ, ದಾಟಿ ಹೋಗುತ್ತವೆ